ಎತ್ತಿನಹೊಳೆ ವಿರೋಧ: ಮತಗಟ್ಟೆಯ ಬಾಗಿಲಲ್ಲಿ ನಿಂತುಹೋದ ಹೋರಾಟ

2014ರ ಮಾರ್ಚ್ 3ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಚಿಕ್ಕಬಳ್ಳಾಪುರದಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಮಾರ್ಚ್ 5ರಂದು ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾಗಿ ನೀತಿಸಂಹಿತೆ ಜಾರಿಗೆ ಬಂತು. ನಡುವೆ ಇದ್ದದ್ದು ಎರಡೇ ದಿನ. ಚಿಕ್ಕಬಳ್ಳಾಪುರದ ಸಂಸದ ಎಂ. ವೀರಪ್ಪ ಮೊಯಿಲಿ ಆಗ ಕೇಂದ್ರದಲ್ಲಿ ಪೆಟ್ರೋಲಿಯಂ ಸಚಿವರು. 2013ರ ಡಿಸೆಂಬರ್‌ನಿಂದ ಪರಿಸರ ಮತ್ತು ಅರಣ್ಯ ಖಾತೆಯೂ ಅವರದೇ. ಕಾರ್ಕಳದಿಂದ ಶಾಸಕರಾಗಿ ಬೆಳೆದು ಮುಖ್ಯಮಂತ್ರಿಯಾದವರು, ಕರಾವಳಿಯ ಹೊಳೆಯ ನೀರನ್ನು ಬಯಲುಸೀಮೆಗೆ ಒಯ್ಯುವ ಯೋಜನೆಯ ಮುಖ್ಯ ಪ್ರತಿಪಾದಕರಾಗಿದ್ದರು.

ಮಂಗಳೂರಿನಲ್ಲಿ ಇದು ಕಿಚ್ಚು ಹಚ್ಚಿತು. ಮುಂದಿನ ಮೂರು ವರ್ಷ ಮನವಿ, ಧರಣಿ, ರಸ್ತೆ ತಡೆ, ಪಾದಯಾತ್ರೆ, ಜಿಲ್ಲಾ ಬಂದ್, ಹಸಿರು ನ್ಯಾಯಮಂಡಳಿಯ ದಾವೆ ಎಲ್ಲವೂ ನಡೆದವು. ಮಠಾಧೀಶರು, ಚರ್ಚು, ಮೀನುಗಾರ ಸಂಘಟನೆಗಳು, ಕಾಲೇಜು ಮಕ್ಕಳು, ಅಡಿಕೆ ಬೆಳೆಗಾರರು ಒಂದೇ ವೇದಿಕೆಗೆ ಬಂದರು. ಬೇರೆ ಯಾವ ವಿಷಯಕ್ಕೂ ಹೀಗೆ ಒಂದಾಗದ ಜಿಲ್ಲೆ ಈ ದಕ್ಷಿಣ ಕನ್ನಡ. ಆದರೂ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ತಾಲೂಕಿನಲ್ಲಿ ಮೊದಲ ಹಂತದ ಪಂಪುಗಳು ಚಾಲನೆಗೊಂಡವು.

ಈ ಅಧ್ಯಯನದ ಪ್ರಶ್ನೆ ಯೋಜನೆ ಸರಿಯೋ ತಪ್ಪೋ ಎಂಬುದಲ್ಲ. ಅದು ತಪ್ಪು ಎಂಬ ನಿಲುವಿನಿಂದಲೇ ಇದನ್ನು ಬರೆಯಲಾಗಿದೆ. ಇಷ್ಟು ಅಗಲವಾಗಿ ಹಬ್ಬಿದ್ದ ಪರಿಸರ ಹೋರಾಟ ರಾಷ್ಟ್ರಮಟ್ಟದ ವಿರೋಧ ರಾಜಕಾರಣವಾಗಿ ಏಕೆ ಬೆಳೆಯಲಿಲ್ಲ, ದಾರಿ ಯಾವ ಜಾಗದಲ್ಲಿ ಕಡಿಯಿತು ಎಂಬುದೇ ಇಲ್ಲಿನ ಪ್ರಶ್ನೆ.

ನೀರಿನ ಲೆಕ್ಕ

ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ. ನಾಲ್ಕೂ ಸಕಲೇಶಪುರದ ಘಟ್ಟದ ಅಂಚಿನ ತೊರೆಗಳು. ಇವುಗಳ ನೀರು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಕೊನೆಗೆ ಉಳ್ಳಾಲ ಮತ್ತು ಬೆಂಗ್ರೆಯ ನಡುವಿನ ಅಳಿವೆಗೆ ಬರುತ್ತದೆ. ತೊರೆಗಳಿಗೆ 8 ಕಡೆ ಒಡ್ಡು ಕಟ್ಟಿ, ಮಳೆಗಾಲದ ನೀರನ್ನು ಪಂಪುಗಳಿಂದ ಘಟ್ಟದ ನೆತ್ತಿಗೆ ಎತ್ತಿ, ಅಲ್ಲಿಂದ 250 ಕಿಲೋಮೀಟರಿಗೂ ಉದ್ದದ ಕಾಲುವೆಯಲ್ಲಿ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆಗೆ ಹರಿಸುವುದು ಯೋಜನೆ. ಒಟ್ಟು ಪ್ರಮಾಣ 24.01 ಟಿಎಂಸಿ. ಇದರಲ್ಲಿ 14.056 ಟಿಎಂಸಿ ಕುಡಿಯಲು, 9.953 ಟಿಎಂಸಿ ಕೆರೆ ತುಂಬಿಸಲು.

ಈ ಸಂಖ್ಯೆಯನ್ನು ಯಾರೂ ಮನೆಯಲ್ಲಿ ಕೂತು ಪರೀಕ್ಷಿಸಬಹುದು. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. 24.01 ಟಿಎಂಸಿ ಸುಮಾರು 68 ಕೋಟಿ ಘನ ಮೀಟರ್. ತೊರೆಗಳ ಜಲಾನಯನ ಪ್ರದೇಶ ಹೆಚ್ಚೂಕಡಿಮೆ 180 ಚದರ ಕಿಲೋಮೀಟರ್, ಅಂದರೆ 18 ಕೋಟಿ ಚದರ ಮೀಟರ್. ಭಾಗಿಸಿದರೆ 3.78 ಮೀಟರ್ ಬರುತ್ತದೆ. ಇಡೀ ಜಲಾನಯನದ ಮೇಲೆ 3,780 ಮಿಲಿಮೀಟರ್ ನೀರು ಇಂಗದೆ, ಆವಿಯಾಗದೆ, ಮರಗಳು ಕುಡಿಯದೆ ಹರಿದು ಬಂದು ಒಡ್ಡಿನ ಹಿಂದೆ ನಿಂತರೆ ಮಾತ್ರ ಲೆಕ್ಕ ಕೂಡುತ್ತದೆ. ಒಳ್ಳೆಯ ಮಳೆಯ ವರ್ಷದಲ್ಲಿ ಅಲ್ಲಿ ಬೀಳುವ ಒಟ್ಟು ಮಳೆಗೆ ಇದು ಹತ್ತಿರದ ಸಂಖ್ಯೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿ ಕೊಟ್ಟ ಇಳುವರಿ 9.55 ಟಿಎಂಸಿ. ಅದನ್ನು ಹೀಗೇ ಭಾಗಿಸಿದರೆ 1.5 ಮೀಟರ್. ಅದರಲ್ಲೂ ಹೊಳೆಗೆ, ಕಾಡಿಗೆ, ಕೆಳಗಿನ ತೋಟಗಳಿಗೆ ಬೇಕಾದ ಪಾಲು ಸೇರಿದೆ.

ಹೋಲಿಕೆಗೆ ಮಂಗಳೂರು ನಗರವನ್ನು ತೆಗೆದುಕೊಳ್ಳಿ. ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟಿನಿಂದ ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ನೀರು ಎತ್ತಲಾಗುತ್ತದೆ. ವರ್ಷಕ್ಕೆ ಅದು 2 ಟಿಎಂಸಿಗಿಂತ ತುಸು ಹೆಚ್ಚು.

ವೆಚ್ಚ ಮೇಲೇರಿದ ಬಗೆಯೂ ದಾಖಲಾಗಿದೆ. 2012ರ ಜುಲೈನ ಮಂಜೂರಾತಿಯಲ್ಲಿ 8,323.50 ಕೋಟಿ ರೂಪಾಯಿ. 2014ರ ಫೆಬ್ರವರಿಯಲ್ಲಿ 12,912.36 ಕೋಟಿ, 2023ರ ಜನವರಿಯಲ್ಲಿ 23,251.66 ಕೋಟಿ. ನೀರು ಅಷ್ಟೇ ಇದ್ದು ದುಡ್ಡು ಮಾತ್ರ ಮೂರು ಪಟ್ಟಿನ ಹತ್ತಿರಕ್ಕೆ ಹೋಯಿತು.

ಹೆಸರಲ್ಲಿ ಸೋತದ್ದು

ಜಿಲ್ಲೆಯಲ್ಲಿ ಇದಕ್ಕೆ 'ನೇತ್ರಾವತಿ ತಿರುವು' ಎಂಬ ಹೆಸರು ಬಿತ್ತು. ಸರ್ಕಾರದ ಕಾಗದದಲ್ಲಿ ಅದು 'ಎತ್ತಿನಹೊಳೆ ಸಮಗ್ರ ಕುಡಿಯುವ ನೀರಿನ ಯೋಜನೆ'. ಮೇಲುನೋಟಕ್ಕೆ ಇದು ಬರೀ ಮಾತಿನ ಜಗಳ. ಆದರೆ ಹೋರಾಟದ ಅರ್ಧ ಹಣೆಬರಹ ಇಲ್ಲಿಯೇ ತೀರ್ಮಾನವಾಯಿತು.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಜಲವಿದ್ಯುತ್ ಇದೆ, ನೀರಾವರಿ ಇದೆ. ಕುಡಿಯುವ ನೀರು ಇಲ್ಲ. ಕುಡಿಯುವ ನೀರು ಎಂದು ಬರೆದ ಕೂಡಲೇ ಪರಿಸರ ಅನುಮತಿಯ ಪ್ರಶ್ನೆ ಏಳುವುದಿಲ್ಲ. ಅನುಮತಿಯ ಪ್ರಶ್ನೆ ಏಳದಿದ್ದರೆ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. 30 ದಿನ ಮೊದಲೇ ನೋಟಿಸು ಕೊಟ್ಟು, ವರದಿಯ ಪ್ರತಿಯನ್ನು ಪಂಚಾಯಿತಿಯಲ್ಲಿಟ್ಟು, ಜನರ ಆಕ್ಷೇಪವನ್ನು ನಡಾವಳಿಯಲ್ಲಿ ಬರೆದುಕೊಳ್ಳಲೇಬೇಕಾದ ಸಭೆ ಅದು. ದೇಶದಲ್ಲಿ ಅನೇಕ ಪರಿಸರ ಹೋರಾಟಗಳು ರಾಜಕೀಯವಾಗಿ ಹುಟ್ಟಿರುವುದೇ ಅಂತಹ ಸಭೆಗಳ ಶಾಮಿಯಾನದ ಕೆಳಗೆ: ಮೊದಲ ಸಲ ಜಿಲ್ಲಾಧಿಕಾರಿಯ ಎದುರು ನಿಂತು ಮೈಕ್ ಹಿಡಿದವರೇ ಮುಂದೆ ಮುಖಂಡರಾಗುತ್ತಾರೆ. ಎತ್ತಿನಹೊಳೆಯಲ್ಲಿ ಆ ವೇದಿಕೆಯೇ ಸಿಗಲಿಲ್ಲ. 9.953 ಟಿಎಂಸಿ ಕೆರೆಗೆ ಹೋಗುತ್ತದೆಂದರೆ ಇದು ನೀರಾವರಿಯೇ ಎಂಬ ವಾದವನ್ನು ದಾವೆ ಹೂಡಿದವರು ಹಸಿರು ನ್ಯಾಯಮಂಡಳಿಯ ಮುಂದಿಟ್ಟರು. ವರ್ಷಗಳ ವಿಚಾರಣೆಯ ಬಳಿಕ 2019ರಲ್ಲಿ ಯೋಜನೆಗೆ ತಡೆ ಸಿಗದೆ ಅದು ಮುಗಿಯಿತು.

'ತಿರುವು' ಎಂಬ ಹೆಸರು ಜನರನ್ನು ಬೀದಿಗೆ ತಂದಿತು, ನಿಜ. ಆದರೆ ಸರ್ಕಾರಕ್ಕೆ ಸುಲಭದ ಉತ್ತರವನ್ನೂ ಕೊಟ್ಟಿತು: ನಾವು ನೇತ್ರಾವತಿಯನ್ನು ತಿರುಗಿಸುತ್ತಿಲ್ಲ, ಮಳೆಗಾಲದಲ್ಲಿ ಸಮುದ್ರ ಸೇರುವ ನೀರಿನಲ್ಲಿ ಸಣ್ಣ ಪಾಲು ತೆಗೆಯುತ್ತೇವೆ. 2016ರ ಬೇಸಿಗೆಯಲ್ಲಿ ತುಂಬೆಯಲ್ಲಿ ನೀರು ತಳ ಕಂಡು ನಗರಕ್ಕೆ ಪೂರೈಕೆ ಕಡಿತವಾದಾಗ, ಹೋರಾಟದ ಭಾಷಣಗಳು ಆ ಬರವನ್ನೇ ಸಾಕ್ಷಿಯಾಗಿ ತೋರಿಸಿದವು. ಮೇ ತಿಂಗಳಲ್ಲಿ ಜಿಲ್ಲಾ ಬಂದ್ ಆಯಿತು. ಆದರೆ ಆಗಿನ್ನೂ ಒಂದು ಪಂಪೂ ತಿರುಗಿರಲಿಲ್ಲ. ಎತ್ತುವುದೂ ಮಳೆಗಾಲದ ನೀರನ್ನು. ಎದುರಾಳಿ ಈ ಸಡಿಲ ಕೊಂಡಿಯನ್ನು ಹಿಡಿದು ಎಳೆದ. ಗಟ್ಟಿ ವಾದಗಳು ಬೇರೆಯೇ ಇದ್ದವು: ಮಳೆಗಾಲದ ನೆರೆಯೇ ಅಳಿವೆಯನ್ನು ತೊಳೆದು ತೆರೆದಿಡುವುದು, ಅದು ತರುವ ಮಣ್ಣು ಮತ್ತು ಸತ್ವವೇ ಕರಾವಳಿಯ ಮೀನಿಗೆ ಆಹಾರ, ಘಟ್ಟದ ಕಾಡನ್ನು ಅಗೆದು ಪೈಪು ಹೂಳಿದರೆ ಬೇಸಿಗೆಯ ಒರತೆ ಬತ್ತುತ್ತದೆ. ಇವು ನಿಧಾನವಾಗಿ ಹೇಳಬೇಕಾದ ವಾದಗಳು. ಮೈದಾನದ ಮೈಕಿಗೆ ಇವು ಒಗ್ಗಲಿಲ್ಲ.

ಇದ್ದ ವಿರೋಧ ಪಕ್ಷಕ್ಕೆ ಹೋದ ಮತ

2014ರಲ್ಲಿ ಹೋರಾಟದವರಿಗೆ ಹೊಸ ವಿರೋಧ ಪಕ್ಷ ಕಟ್ಟುವ ಅಗತ್ಯವೇ ಕಾಣಲಿಲ್ಲ. ದೆಹಲಿಯಲ್ಲೂ ಬೆಂಗಳೂರಿನಲ್ಲೂ ಕಾಂಗ್ರೆಸ್ ಆಡಳಿತ. ಎರಡೂ ಕಡೆ ವಿರೋಧ ಪಕ್ಷವಾಗಿ ಬಿಜೆಪಿ ಎದುರಿಗಿತ್ತು. ದಕ್ಷಿಣ ಕನ್ನಡ ಕ್ಷೇತ್ರದ ಬಿಜೆಪಿ ಸಂಸದ ನಳಿನ್ ಕುಮಾರ್ ಕಟೀಲ್ ಯೋಜನೆಯನ್ನು ವಿರೋಧಿಸುತ್ತಿದ್ದರು. ಅವರು 6,42,739 ಮತ ಪಡೆದು, 4,99,030 ಮತ ಪಡೆದ ಕಾಂಗ್ರೆಸ್ಸಿನ ಬಿ. ಜನಾರ್ದನ ಪೂಜಾರಿಯವರನ್ನು 1,43,709 ಮತಗಳಿಂದ ಸೋಲಿಸಿದರು. 2009ರಲ್ಲಿ ಇದೇ ಇಬ್ಬರ ನಡುವಿನ ಅಂತರ 40,420. ಈ ಏರಿಕೆಯೆಲ್ಲ ಎತ್ತಿನಹೊಳೆಯಿಂದ ಬಂತೆಂದು ಹೇಳಲಾಗದು. ಅದು ಮೋದಿ ಅಲೆಯ ವರ್ಷ. ಅದೇ ಸಲ ಚಿಕ್ಕಬಳ್ಳಾಪುರದಲ್ಲಿ ಮೊಯಿಲಿಯವರು ಬರೀ 9,520 ಮತಗಳಿಂದ ಗೆದ್ದರು. ಅಷ್ಟು ಸಣ್ಣ ಅಂತರದಲ್ಲಿ ನೀರಿನ ಭರವಸೆಗೆ ಪಾತ್ರವಿರಲಿಲ್ಲ ಎನ್ನುವುದು ಕಷ್ಟ. ಒಂದೇ ಯೋಜನೆ, ಎರಡು ಕ್ಷೇತ್ರ, ತದ್ವಿರುದ್ಧ ಫಲ.

ಹೋರಾಟದ ದೊಡ್ಡ ಎಡವಟ್ಟು ಇಲ್ಲಿದೆ. ಮತ ಕೊಟ್ಟಾಯಿತು, ಬದಲಿಗೆ ಏನನ್ನೂ ಬರೆಸಿಕೊಳ್ಳಲಿಲ್ಲ. ಅಭ್ಯರ್ಥಿಗಳು ವೇದಿಕೆಗೆ ಬಂದು 'ಪ್ರಾಣ ಕೊಟ್ಟಾದರೂ ತಡೆಯುತ್ತೇವೆ' ಎಂದು ಮಾತಾಡಿ ಹೋದರು. ಪಕ್ಷದ ರಾಜ್ಯ ಘಟಕದ ಸಹಿ, ರಾಜ್ಯ ಪ್ರಣಾಳಿಕೆಯಲ್ಲಿ ಒಂದು ಸಾಲು, ಅಧಿಕಾರಕ್ಕೆ ಬಂದ ಇಷ್ಟು ದಿನದೊಳಗೆ ಇಂತಹ ಆದೇಶ ಎಂಬ ಗಡುವು ಯಾವುದೂ ಕೈಯಲ್ಲಿ ಇರಲಿಲ್ಲ. ಸ್ಥಳೀಯ ಅಭ್ಯರ್ಥಿಯ ಮಾತು ಎಷ್ಟು ಪ್ರಾಮಾಣಿಕವಾಗಿದ್ದರೂ ಅದು ಪಕ್ಷವನ್ನು ಕಟ್ಟಿಹಾಕುವುದಿಲ್ಲ.

ಮುಂದಿನದನ್ನು ದಿನಾಂಕಗಳೇ ಹೇಳುತ್ತವೆ. ಯೋಜನೆ ಮಂಜೂರಾತಿಯ ಹಂತಕ್ಕೆ ಬಂದದ್ದು ಸುಳ್ಯದ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ. 2012ರ ಜುಲೈನಲ್ಲಿ ಆದೇಶವಾದಾಗ ಆಡಳಿತ ಬಿಜೆಪಿಯದು. 2013ರಲ್ಲಿ ಜಿಲ್ಲೆಯ 8 ವಿಧಾನಸಭಾ ಸ್ಥಾನಗಳಲ್ಲಿ 7 ಕಾಂಗ್ರೆಸ್ಸಿಗೆ ಬಂದವು. ನೇತ್ರಾವತಿಯ ದಡದ ಬಂಟ್ವಾಳದ ಬಿ. ರಮಾನಾಥ ರೈ ಅರಣ್ಯ ಮತ್ತು ಪರಿಸರ ಸಚಿವರಾದರು, ಕಾಮಗಾರಿ ನಿಲ್ಲಲಿಲ್ಲ. 2018ರಲ್ಲಿ ಅದೇ 8ರಲ್ಲಿ 7 ಬಿಜೆಪಿಗೆ. 2019ರಲ್ಲಿ ಕಟೀಲರು 2,74,621 ಮತಗಳ ಅಂತರದಿಂದ ಗೆದ್ದು, ಆಗಸ್ಟ್‌ನಲ್ಲಿ ಪಕ್ಷದ ರಾಜ್ಯಾಧ್ಯಕ್ಷರಾದರು. ದೆಹಲಿ, ಬೆಂಗಳೂರು, ಜಿಲ್ಲೆ ಮೂರೂ ಕಡೆ ಒಂದೇ ಪಕ್ಷ. ಅವರು ರಾಜ್ಯಾಧ್ಯಕ್ಷರಾಗಿದ್ದಾಗಲೇ, 2023ರ ಜನವರಿಯಲ್ಲಿ, ವೆಚ್ಚ 23,251.66 ಕೋಟಿಗೆ ಏರಿತು. 2024ರಲ್ಲಿ ಪಂಪು ಚಾಲೂ ಮಾಡಿದ್ದು ಮತ್ತೆ ಕಾಂಗ್ರೆಸ್.

ಎರಡೂ ಪಕ್ಷಗಳದು ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಘಟ್ಟದ ಕೆಳಗೆ ವಿರೋಧ, ಘಟ್ಟದ ಮೇಲೆ ಬೆಂಬಲ. ಇದಕ್ಕೆ ಕೆಲವು ನಾಯಕರ ಬಣ್ಣ ಕಾರಣ ಎಂದುಕೊಂಡರೆ ವಿಷಯ ಅರ್ಥವಾಗುವುದಿಲ್ಲ. ಕಾರಣ ಭೂಪಟದಲ್ಲಿದೆ.

ಹೊಳೆಗೂ ಕ್ಷೇತ್ರಕ್ಕೂ ಬೇರೆ ಬೇರೆ ಗಡಿ

ಒಡ್ಡು ಕಟ್ಟಿದ ಸಕಲೇಶಪುರ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಅದೇ ಕ್ಷೇತ್ರದ ಅರಸೀಕೆರೆ ನೀರು ಪಡೆಯುವ ತಾಲೂಕು. ಕಾಡು ಕಳೆದುಕೊಂಡವರೂ ನೀರು ಕಾಯುವವರೂ ಒಬ್ಬನೇ ಸಂಸದನಿಗೆ ಮತ ಹಾಕುತ್ತಾರೆ. ಸಂಖ್ಯೆಯಲ್ಲಿ ಎರಡನೆಯವರು ಹೆಚ್ಚು. ಕೆಳಗಿನ ಹೊಳೆ, ತೋಟ, ಅಳಿವೆ ದಕ್ಷಿಣ ಕನ್ನಡ ಕ್ಷೇತ್ರದಲ್ಲಿವೆ. ಫಲಾನುಭವಿಗಳು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದವರೆಗೆ ಹರಡಿದ್ದಾರೆ. ಯಾವ ಪಕ್ಷದ ಲೆಕ್ಕದಲ್ಲಾದರೂ ಒಂದು ಕ್ಷೇತ್ರದ ಕೋಪ ನಾಲ್ಕೈದು ಕ್ಷೇತ್ರಗಳ ಆಸೆಗಿಂತ ಹಗುರ. ಜೊತೆಗೆ ಆ ಒಂದು ಕ್ಷೇತ್ರ ಬೇರೆ ಕಾರಣಗಳಿಗಾಗಿ ಹೇಗೂ ಒಂದೇ ಕಡೆ ವಾಲುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದರೆ, ಅದರ ಕೋಪಕ್ಕೆ ಬೆಲೆಯೇ ಇರುವುದಿಲ್ಲ.

ಉಡುಪಿ ಬಳಿಯ ನಂದಿಕೂರಿನಲ್ಲಿ ಕೊಜೆಂಟ್ರಿಕ್ಸ್ ಕಂಪನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಎದ್ದ ವಿರೋಧವನ್ನು ಇಲ್ಲಿ ನೆನೆಯಬೇಕು. ಆ ಅಮೆರಿಕನ್ ಕಂಪನಿ 1999ರ ಡಿಸೆಂಬರ್‌ನಲ್ಲಿ ಹಿಂದೆ ಸರಿದಾಗ ಕರಾವಳಿ ಗೆದ್ದಿತೆಂದು ಎಲ್ಲರೂ ಅಂದುಕೊಂಡರು. 2010ರ ಹೊತ್ತಿಗೆ ಪಕ್ಕದ ಎಲ್ಲೂರಿನಲ್ಲೇ ಬೇರೆ ಹೆಸರಿನ ಕಲ್ಲಿದ್ದಲು ಸ್ಥಾವರ ಕರೆಂಟು ಉತ್ಪಾದಿಸತೊಡಗಿತು. ಕಂಪನಿಯನ್ನು ಓಡಿಸುವುದು ಬೇರೆ, ನೀತಿಯನ್ನು ಬದಲಿಸುವುದು ಬೇರೆ. ಎರಡನೆಯದಕ್ಕೆ ಶಾಸನಸಭೆಯೊಳಗೆ ಜನ ಬೇಕು.

ಸ್ವತಃ ಕಣಕ್ಕಿಳಿದಿದ್ದರೆ?

ಕೋಟದ ಶಿವರಾಮ ಕಾರಂತರು ಅದನ್ನು ಮಾಡಿ ತೋರಿಸಿದ್ದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಜ್ಞಾನಪೀಠ ಪಡೆದ, ಮನೆಮನೆಗೂ ಗೊತ್ತಿದ್ದ ಹೆಸರು ಅದು. ಸೋತರು. 2000ನೇ ಇಸವಿಯಲ್ಲಿ ಕೈಗಾ ವಿದ್ಯುತ್ ಕೊಡಲಾರಂಭಿಸಿತು. 2014ರಲ್ಲಿ ಆಮ್ ಆದ್ಮಿ ಪಕ್ಷದಿಂದ ನರ್ಮದಾ ಹೋರಾಟದ ಮೇಧಾ ಪಾಟ್ಕರ್ ಈಶಾನ್ಯ ಮುಂಬೈಯಲ್ಲಿ, ಕೂಡಂಕುಳಂ ಅಣುಸ್ಥಾವರ ವಿರೋಧಿ ಹೋರಾಟದ ಎಸ್.ಪಿ. ಉದಯಕುಮಾರ್ ಕನ್ಯಾಕುಮಾರಿಯಲ್ಲಿ ನಿಂತರು. ಪಾಟ್ಕರ್ ಅವರಿಗೆ ಸುಮಾರು 76 ಸಾವಿರ, ಉದಯಕುಮಾರ್ ಅವರಿಗೆ ಸುಮಾರು 15 ಸಾವಿರ ಮತ ಬಂದವು. ದಶಕಗಳ ಕಾಲ ಜನರ ಜೊತೆ ನೀರಿಗಿಳಿದು ನಿಂತವರಿಗೂ, ಸಾವಿರಾರು ಮೀನುಗಾರರನ್ನು ಕಡಲಿಗಿಳಿಸಿ ಸತ್ಯಾಗ್ರಹ ಮಾಡಿಸಿದವರಿಗೂ ಸಿಕ್ಕಿದ್ದು ಇಷ್ಟು.

ಜನಪ್ರೀತಿ ಕಡಿಮೆಯಾಗಿ ಹೀಗಾದದ್ದಲ್ಲ. ಇಲ್ಲಿ ಚುನಾವಣಾ ಪದ್ಧತಿಯ ಪಾತ್ರ ದೊಡ್ಡದು. ಜರ್ಮನಿಯ ಹಸಿರು ಪಕ್ಷ 1980ರಲ್ಲಿ ಹುಟ್ಟಿ, 1983ರಲ್ಲಿ ಶೇ 5.6 ಮತ ಪಡೆದು 27 ಸ್ಥಾನಗಳೊಂದಿಗೆ ಸಂಸತ್ತು ಪ್ರವೇಶಿಸಿತು. ಅಲ್ಲಿ ದೇಶದಾದ್ಯಂತ ಚದುರಿದ ಮತ ಕೂಡುತ್ತದೆ. ನಮ್ಮಲ್ಲಿ ಕ್ಷೇತ್ರದ ಗಡಿಯೊಳಗಿನ ಮತಕ್ಕೆ ಮಾತ್ರ ಬೆಲೆ. ದಕ್ಷಿಣ ಕನ್ನಡದಲ್ಲಿ 2014ರಲ್ಲಿ ಎರಡು ಪಕ್ಷಗಳ ಮತವನ್ನು ಕೂಡಿದರೇ 11,41,769. ಚಲಾವಣೆಯಾದ ಮತ 12 ಲಕ್ಷ ಎಂದು ಇಟ್ಟುಕೊಂಡರೆ ಠೇವಣಿ ಉಳಿಸಿಕೊಳ್ಳಲು ಅದರ ಆರನೇ ಒಂದು ಭಾಗ, ಅಂದರೆ 2 ಲಕ್ಷ ಮತ ಬೇಕು. ಜರ್ಮನಿಯಲ್ಲಿ 27 ಜನರನ್ನು ಗೆಲ್ಲಿಸಿದ ಶೇ 5.6 ಇಲ್ಲಿ 67 ಸಾವಿರ ಮತವಾಗಿ, 25,000 ರೂಪಾಯಿ ಠೇವಣಿಯನ್ನೂ ಕಳೆಯುತ್ತದೆ. ಕೀನ್ಯಾದಲ್ಲೂ ನಮ್ಮಂತೆಯೇ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ. 1977ರಿಂದ ಮರ ನೆಡುವ ಚಳವಳಿ ಕಟ್ಟಿದ ವಂಗಾರಿ ಮಾಥಾಯ್ 1997ರಲ್ಲಿ ಸಣ್ಣ ಪಕ್ಷದಿಂದ ನಿಂತು ಸೋತರು. 2002ರಲ್ಲಿ ವಿರೋಧಿಗಳೆಲ್ಲ ಸೇರಿದ ಮೈತ್ರಿಕೂಟದೊಳಗಿಂದ ಸಂಸತ್ತಿಗೆ ಹೋದರು.

ಇನ್ನು ಕೆಲಸದ ಲೆಕ್ಕ. ಪಕ್ಷೇತರರಿಗೆ, ಮಾನ್ಯತೆ ಇಲ್ಲದ ಪಕ್ಷದವರಿಗೆ 10 ಸೂಚಕರು ಬೇಕು, ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬರು ಸಾಕು. ಸೂಚಕರಲ್ಲಿ ಒಬ್ಬರು ಆ ಕ್ಷೇತ್ರದ ಮತದಾರರಲ್ಲದಿದ್ದರೂ ಪರಿಶೀಲನೆಯ ದಿನ ನಾಮಪತ್ರ ಬೀಳುವ ಅಪಾಯವಿದೆ, ಆದ್ದರಿಂದ ನಾಲ್ಕು ಪ್ರತಿ ಸಲ್ಲಿಸುವುದು ವಾಡಿಕೆ. ಚುನಾವಣಾ ಖರ್ಚಿಗೆಂದೇ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ತೆರೆಯಬೇಕು. ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ 3 ವರ್ಷ ಅನರ್ಹತೆ ಬೀಳಬಹುದು; ಸೋತ ಪಕ್ಷೇತರರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿ. ಪಕ್ಷ ನೋಂದಾಯಿಸುವುದಾದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಪ್ರಕಾರ ಸ್ಥಾಪನೆಯಾದ 30 ದಿನದೊಳಗೆ ಅರ್ಜಿ, ಕನಿಷ್ಠ 100 ಸದಸ್ಯರು, 10,000 ರೂಪಾಯಿ ಶುಲ್ಕ. 2014ರಲ್ಲಿ ದಿನಾಂಕ ಪ್ರಕಟವಾದದ್ದರಿಂದ ಏಪ್ರಿಲ್ 17ರ ಮತದಾನದವರೆಗೆ ಸಿಕ್ಕಿದ್ದು 43 ದಿನ. ಶಂಕುಸ್ಥಾಪನೆ ನೋಡಿ ಸಿಟ್ಟು ಬಂದವರು ಆ 43 ದಿನದಲ್ಲಿ ಪಕ್ಷ ಕಟ್ಟುವುದು ಆಗದ ಮಾತು.

ಕ್ಷೇತ್ರದಲ್ಲಿ ಮತಗಟ್ಟೆಗಳು 1,800ರ ಆಸುಪಾಸು. ಒಂದಕ್ಕೆ ಒಬ್ಬ ಏಜೆಂಟ್, ಬದಲಿಗೆ ಇನ್ನೊಬ್ಬ ಎಂದರೆ 3,600 ಜನ. ಊಟ, ಚಾ, ಬಸ್ಸಿಗೆಂದು ಗಟ್ಟೆಗೆ 300 ರೂಪಾಯಿ ಇಟ್ಟರೂ ಒಂದೇ ದಿನಕ್ಕೆ 5.4 ಲಕ್ಷ. ಖರ್ಚಿನ ಮಿತಿ 2014ರಲ್ಲಿ 70 ಲಕ್ಷ, ಈಗ 95 ಲಕ್ಷ. ಹೋರಾಟ ಸಮಿತಿಗಳಲ್ಲಿ ಭಾಷಣಕಾರರು ಬೇಕಾದಷ್ಟಿದ್ದರು. ಬೆಳ್ತಂಗಡಿಯ ಒಳಗಿನ ಶಾಲೆಯ ಮತಗಟ್ಟೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮತದಾರರ ಪಟ್ಟಿ ಹಿಡಿದು ಕೂರುವವರು ಪಕ್ಷಗಳ ಬಳಿ ಮಾತ್ರ ಇದ್ದರು. ಸಮಿತಿಯ ಬಹಳ ಕಾರ್ಯಕರ್ತರು ಹಗಲು ಹೋರಾಟದಲ್ಲಿ, ಚುನಾವಣೆಯಲ್ಲಿ ತಮ್ಮ ತಮ್ಮ ಪಕ್ಷದಲ್ಲಿ. ಅವರನ್ನು ದೂರಿ ಪ್ರಯೋಜನವಿಲ್ಲ. ಊರಲ್ಲಿ ಪಕ್ಷವೆಂದರೆ ನೆಂಟಸ್ತಿಕೆ, ಸೊಸೈಟಿ ಸಾಲ, ದೇವಸ್ಥಾನದ ಸಮಿತಿ ಎಲ್ಲ ಸೇರಿದ ಬಂಧ. ಒಂದು ಹೊಳೆಗಾಗಿ ಅದನ್ನು ಹರಿದುಕೊಳ್ಳುವುದು ಸುಲಭವಲ್ಲ.

ಕಡೆಗಣಿಸುವಂತಿಲ್ಲದ ಇನ್ನೆರಡು ತೊಡಕುಗಳಿವೆ. ರಸ್ತೆ ತಡೆ, ಬಂದ್‌ಗಳಲ್ಲಿ ದಾಖಲಾದ ಪ್ರಕರಣಗಳನ್ನು ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಬರೆಯಲೇಬೇಕು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಾಕಿ ಇರುವ ಪ್ರಕರಣಗಳನ್ನು ಪತ್ರಿಕೆ ಮತ್ತು ಟೀವಿಯಲ್ಲಿ ಮೂರು ಸಲ ಸ್ವಂತ ಖರ್ಚಿನಲ್ಲಿ ಜಾಹೀರು ಮಾಡಬೇಕು. ಹೊಳೆಗಾಗಿ ರಸ್ತೆಯಲ್ಲಿ ಕೂತವನೂ ಕಳ್ಳತನದ ಆರೋಪಿಯೂ ಆ ಜಾಹೀರಾತಿನಲ್ಲಿ ಒಂದೇ ಅಳತೆಯ ಚೌಕದಲ್ಲಿ ಬರುತ್ತಾರೆ. ಎರಡನೆಯದು ಹಣ: ವಿದೇಶಿ ದೇಣಿಗೆ ಕಾಯ್ದೆಯಡಿ ರಾಜಕೀಯ ಸ್ವರೂಪದ ಸಂಘಟನೆಗಳಿಗೆ ಹೊರಗಿನ ದುಡ್ಡು ನಿಷಿದ್ಧ. ಅಂತಹ ನೋಂದಣಿ ಇರುವ ಸಂಸ್ಥೆ ಚುನಾವಣೆಯ ಹತ್ತಿರ ಸುಳಿದರೆ ಸಂಸ್ಥೆಯೇ ಹೋಗಬಹುದು. ಆದ್ದರಿಂದ ಸಂಶೋಧನೆ ಮಾಡುವ ಸಂಸ್ಥೆ, ಬೀದಿಗಿಳಿಯುವ ಸಮಿತಿ, ಮತ ಕೇಳುವ ವೇದಿಕೆ ಮೂರನ್ನೂ ಮೊದಲ ದಿನದಿಂದ ಬೇರೆ ಬೇರೆ ಪದಾಧಿಕಾರಿ, ಬೇರೆ ರಸೀದಿ ಪುಸ್ತಕ, ಬೇರೆ ಖಾತೆಯಲ್ಲಿ ಇಡಬೇಕು. ನಡುದಾರಿಯಲ್ಲಿ ಬೇರ್ಪಡಿಸಲು ಹೋದರೆ ಜಗಳ ಖಾತ್ರಿ.

ನೋಟಾ ಒಂದು ದಾರಿಯೆಂದು ಆಗಾಗ ಕೇಳಿಬರುತ್ತದೆ. 2024ರಲ್ಲಿ ಬೆಳ್ತಂಗಡಿ ತಾಲೂಕಿನ ಹಳೆಯ ಪ್ರಕರಣವೊಂದರಲ್ಲಿ ನ್ಯಾಯ ಕೇಳಿದವರು ನೋಟಾ ಒತ್ತಲು ಕರೆ ಕೊಟ್ಟರು; ಕ್ಷೇತ್ರದಲ್ಲಿ 23 ಸಾವಿರಕ್ಕೂ ಹೆಚ್ಚು ನೋಟಾ ಬಿತ್ತು. ದೊಡ್ಡ ಸಂಖ್ಯೆಯೇ. ಆದರೆ ಗೆಲುವಿನ ಅಂತರ 1,49,208. ನೋಟಾ ಯಾರನ್ನೂ ಸೋಲಿಸುವುದಿಲ್ಲ, ಮಾತುಕತೆಗೆ ಕೂರುವ ಪ್ರತಿನಿಧಿಯನ್ನೂ ಕೊಡುವುದಿಲ್ಲ. ಅಂತರ ಹತ್ತು ಸಾವಿರದೊಳಗಿರುವ ಕ್ಷೇತ್ರದಲ್ಲಿ ಮಾತ್ರ ಅದರ ಬೆದರಿಕೆಗೆ ಬೆಲೆ.

ಕೋಲಾರದ ಕಡೆಗಿದ್ದ ದಾರಿ

ಹಾಗಾದರೆ ದಾರಿಯೇ ಇರಲಿಲ್ಲವೇ? ಇತ್ತು, ಮತ್ತು ಅದು ಮಂಗಳೂರಿನಿಂದ ದೆಹಲಿಗೆ ನೇರವಾಗಿ ಹೋಗುವಂಥದ್ದಲ್ಲ, ಕೋಲಾರದ ಮೇಲೆ ಹಾದುಹೋಗುವಂಥದ್ದು.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಶಾಶ್ವತ ನೀರಾವರಿಗಾಗಿ ಹೋರಾಡುತ್ತಿದ್ದವರು ಎತ್ತಿನಹೊಳೆಯನ್ನು ಕಣ್ಣು ಮುಚ್ಚಿ ಒಪ್ಪಿದವರಲ್ಲ. ಈ ತೊರೆಗಳಲ್ಲಿ ಹೇಳಿದಷ್ಟು ನೀರಿಲ್ಲ, ನಮ್ಮವರೆಗೆ ಬರುವುದಿಲ್ಲ ಎಂದು ಅವರೂ ಹೇಳಿದರು. ಅವರ ಬೇಡಿಕೆ ಇನ್ನೂ ಹೆಚ್ಚಿನ ನೀರು. ನಮ್ಮದು ನೀರು ಒಯ್ಯಬೇಡಿ ಎಂಬುದು. ಕೊನೆಯ ಬೇಡಿಕೆಯಲ್ಲಿ ವಿರೋಧವಿತ್ತು, ನಡುವಿನ ಲೆಕ್ಕದಲ್ಲಿ ಒಮ್ಮತವಿತ್ತು: 24.01 ಎಂಬುದು ಸುಳ್ಳು. ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತು 'ಇಲ್ಲದ ನೀರಿಗೆ 12,912 ಕೋಟಿ ಏಕೆ' ಎಂದು ಕೇಳಿದ್ದರೆ ಪಕ್ಷಗಳ ಎರಡು ಮುಖದ ಆಟ ನಡೆಯುತ್ತಿರಲಿಲ್ಲ. ಘಟ್ಟದ ಮೇಲಿನ ನಾಲ್ಕೈದು ಕ್ಷೇತ್ರಗಳ ಆಸೆ ಎಂದು ಪಕ್ಷಗಳು ತೋರಿಸುತ್ತಿದ್ದದ್ದು ಅಲ್ಲಿಯ ರೈತರ ಬಾಯಿಂದಲೇ ಪ್ರಶ್ನೆಗೆ ಒಳಗಾಗುತ್ತಿತ್ತು. ಪ್ರಾದೇಶಿಕ ಜಗಳವಾಗಿ ಉಳಿದದ್ದು ಸಾರ್ವಜನಿಕ ಹಣದ ಪ್ರಶ್ನೆಯಾಗಿ, ರಾಜ್ಯ ದಾಟಿ ಹೋಗಬಲ್ಲ ವಿರೋಧವಾಗಿ ಬೆಳೆಯುತ್ತಿತ್ತು.

ಆಗಲಿಲ್ಲ, ಏಕೆಂದರೆ ಕರಾವಳಿಯ ಮಾತು ಕೋಲಾರದವರ ಕಿವಿಗೆ ಬೇರೆಯೇ ರೀತಿಯಲ್ಲಿ ಬಿತ್ತು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯೂರಿನವರು 'ಒಂದು ಹನಿಯೂ ಕೊಡೆವು' ಎಂದರೆ, ಸಾವಿರ ಅಡಿ ಕೊರೆದು ಫ್ಲೋರೈಡ್ ನೀರು ಕುಡಿಯುವವರಿಗೆ ಏನನಿಸಬೇಡ? ಆ ಬಾಯಾರಿಕೆಯನ್ನು ಮೊದಲು ಒಪ್ಪಿಕೊಂಡು, ಅಲ್ಲಿಯ ಕೆರೆಗಳ ಹೂಳು, ರಾಜಕಾಲುವೆ, ಅಂತರ್ಜಲದ ಪರ್ಯಾಯಗಳನ್ನು ಅವರ ಜೊತೆ ಕೂತು ಬರೆಯುವ ಕೆಲಸ ಹೆಚ್ಚಾಗಿ ನಡೆಯಲಿಲ್ಲ. ನೇತ್ರಾವತಿಯಿಂದಲೇ ದೊಡ್ಡ ಕೈಗಾರಿಕೆಗಳು ನೀರೆತ್ತುತ್ತಿದ್ದದ್ದರ ಬಗ್ಗೆ ಹೋರಾಟದ ದನಿ ತಗ್ಗಿದ್ದದ್ದೂ ಘಟ್ಟದ ಮೇಲಿನವರ ಕಣ್ಣಿಗೆ ಬಿದ್ದಿತ್ತು.

ಬೇಡಿಕೆಯೂ ಒಂದೇ ತುದಿಯದ್ದಾಗಿತ್ತು: ಯೋಜನೆ ಕೈಬಿಡಿ. ಅದರ ಪಕ್ಕದಲ್ಲೇ ಅಳೆದು ನೋಡಬಲ್ಲ ನಡುವಿನ ಬೇಡಿಕೆಗಳಿರಬೇಕಿತ್ತು. 8 ಒಡ್ಡುಗಳಲ್ಲೂ ಹರಿವು ಅಳೆಯುವ ಪಟ್ಟಿ, ದಿನದ ಅಂಕಿ ಸಾರ್ವಜನಿಕರಿಗೆ, ಇಂತಿಷ್ಟು ಹರಿವಿಗಿಂತ ಕಡಿಮೆಯಾದರೆ ಪಂಪು ನಿಲ್ಲಬೇಕೆಂಬ ಆದೇಶ. 24.01 ಟಿಎಂಸಿಯನ್ನು 140 ದಿನದಲ್ಲಿ ಎತ್ತುವುದಾದರೆ ಹಗಲೂರಾತ್ರಿ ಸೆಕೆಂಡಿಗೆ ಸರಾಸರಿ 56 ಸಾವಿರ ಲೀಟರ್ ಸಿಗಬೇಕು, ಇಳುವರಿ 9.55 ಆದರೆ ಎಲ್ಲವನ್ನೂ ಎತ್ತಿದರೂ 22 ಸಾವಿರ. ಇಷ್ಟು ದೊಡ್ಡ ವ್ಯತ್ಯಾಸ ಹಿಡಿಯಲು ಪ್ರಯೋಗಶಾಲೆ ಬೇಡ. ನೇರವಾದ 20 ಮೀಟರ್ ಹರಿವು ಆರಿಸಿ, ಮೂರು ಕಡೆ ಅಗಲ ಮತ್ತು ಆಳ ಅಳೆದು, ತೇಲುವ ತೆಂಗಿನಕಾಯಿ ಆ ದೂರ ದಾಟುವ ಸೆಕೆಂಡುಗಳನ್ನು ಹತ್ತು ಸಲ ಬರೆದುಕೊಂಡು, ಸರಾಸರಿ ವೇಗವನ್ನು 0.85ರಿಂದ, ಮತ್ತೆ ಅಡ್ಡಕೊಯ್ತದ ವಿಸ್ತೀರ್ಣದಿಂದ (ಅಗಲ ಗುಣಿಸು ಆಳ) ಗುಣಿಸಿದರೆ ಹರಿವು ಸಿಗುತ್ತದೆ. ನೆರೆ ಏರಿದ ದಿನ ಹೊಳೆಗೆ ಇಳಿಯಬಾರದು. ಸೇತುವೆಯ ಕಂಬಕ್ಕೆ ಮೊದಲೇ ಬಣ್ಣದಲ್ಲಿ ಗೆರೆ ಎಳೆದಿಟ್ಟು ಮಟ್ಟವನ್ನಷ್ಟೇ ಓದಬೇಕು. ಗುಂಡ್ಯದಿಂದ ಉಪ್ಪಿನಂಗಡಿಯವರೆಗೆ ನಾಲ್ಕು ಸೇತುವೆಗಳಲ್ಲಿ, ಜೂನ್‌ನಿಂದ ನವೆಂಬರ್‌ವರೆಗೆ ದಿನಕ್ಕೆರಡು ಸಲ, ಎರಡು ವರ್ಷ ಇದನ್ನು ಬರೆದಿಟ್ಟರೆ ಯಾವ ಪಕ್ಷವೂ ತನ್ನದೆನ್ನಲಾಗದ ಸಾಕ್ಷಿ ಹೋರಾಟದ ಕೈಗೆ ಬರುತ್ತದೆ.

ಕೋರ್ಟಿನ ಗಡುವನ್ನೂ ಮರೆಯಬಾರದು. ಹಸಿರು ನ್ಯಾಯಮಂಡಳಿಯ ಕಾಯ್ದೆಯ 14ನೇ ಕಲಮಿನಡಿ ಅರ್ಜಿಗೆ ಕಾರಣ ಹುಟ್ಟಿದ ದಿನದಿಂದ 6 ತಿಂಗಳು, ಸಕಾರಣವಿದ್ದರೆ ಮತ್ತೆ 60 ದಿನ. ಅನುಮತಿಯ ವಿರುದ್ಧದ ಮೇಲ್ಮನವಿಗೆ 16ನೇ ಕಲಮಿನಡಿ 30 ದಿನ ಮಾತ್ರ, ಜೊತೆಗೆ ಹೆಚ್ಚೆಂದರೆ 60. ಸಚಿವರ ಭೇಟಿಗೆ, ನಿಯೋಗದ ದಿನಾಂಕಕ್ಕೆ ಕಾಯುತ್ತ ಕೂತರೆ ಇದು ಕೈಜಾರುತ್ತದೆ.

ಈಗ ಪಂಪುಗಳು ತಿರುಗುತ್ತಿವೆ. ಇನ್ನು ಮುಂದೆ ಊಹೆಯ ಅಂಕಿಗಳ ಬದಲು ನಿಜವಾದ ಅಂಕಿಗಳು ಸಿಗುವ ಕಾಲ. ವಿಶ್ವೇಶ್ವರಯ್ಯ ಜಲ ನಿಗಮದ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಕಳಿಸುವ ಅರ್ಜಿಯಲ್ಲಿ ನಾಲ್ಕು ವಿಷಯ ಸಾಕು: 8 ಒಡ್ಡುಗಳಲ್ಲಿ ಪ್ರತಿದಿನ ದಾಖಲಿಸಿದ ಹರಿವು; ಪ್ರತಿ ಪಂಪುಮನೆಯ ದಿನವಾರು ಓಡಿದ ಗಂಟೆ ಮತ್ತು ಎತ್ತಿದ ನೀರು; ಪ್ರತಿ ತಿಂಗಳ ವಿದ್ಯುತ್ ಬಿಲ್ಲು; ಕಾಲುವೆಯ ಕೊನೆಯಲ್ಲಿ ಅಳೆದ ನೀರು. 'ಯೋಜನೆಯ ಸಮಗ್ರ ಮಾಹಿತಿ' ಎಂದು ಬರೆದರೆ 'ವಿವರ ದೊಡ್ಡದಿದೆ, ಕಚೇರಿಗೆ ಬಂದು ನೋಡಿ' ಎಂಬ ಉತ್ತರ ಬರುತ್ತದೆ. ದಿನಾಂಕ ಹಾಕಿ, ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಬರೆಯಬೇಕು. ಅದೇ ಅರ್ಜಿ ಅದೇ ದಿನ ಕೋಲಾರದ ಒಬ್ಬ ರೈತನ ಸಹಿಯಲ್ಲಿ ಇನ್ನೊಂದು ಹೋಗಬೇಕು. ಉತ್ತರಕ್ಕೆ 30 ದಿನ.